ಹತ್ತು ದಿನ ಬಿಚ್ಚಬಾರದ ಅಂಗಿ

ಹೆಸರು: ಎಮೆರೆನ್ಸಿಯಾ ಒವೆಲಾರ್. ವಯಸ್ಸು: 52. ಕಸುಬು: ಬಟ್ಟೆ ಹೊಲಿಯುವುದು. ವಾಸ: ಇಗರ್ಜಿಯ ಹಿಂದಿನ ಎರಡನೇ ಮನೆ, ಮೇಲಿನ ಕೇರಿ, ವಿಜಾರಿಕಾ, ಪರಾಗ್ವೆ.

ಕೆಳಗಿನ ಕೇರಿಯ ದೆರ್ಲಿಸ್ ಸಾನಾಬ್ರಿಯಾ, 34 ವರ್ಷ, ಎಂಬವರು ನನ್ನ ಮೇಲೆ ಕೊಟ್ಟ ದೂರನ್ನು ಎರಡು ಸಲ ಓದಿಸಿ ಕೇಳಿಕೊಂಡು, ಅದಕ್ಕೆ ಉತ್ತರವಾಗಿ ನಾನು ಬರೆಸುವುದೇನೆಂದರೆ:

ನಮ್ಮ ಎರಡೂ ಕೇರಿಗಳ ನಡುವಿನ ಸಮುದಾಯ ಭವನದಲ್ಲಿ ಮೂರು ತಿಂಗಳಿಗೊಮ್ಮೆ ಸಾಕು ನಾಯಿ, ಬೆಕ್ಕುಗಳಿಗೆ ಮರಿಯಾಗದಂತೆ ಆಪರೇಷನ್ ಮಾಡುವ ಶಿಬಿರ ನಡೆಯುತ್ತದೆ. ಐದು ವರ್ಷದಿಂದ ನಾನು ಅಲ್ಲಿ ಸ್ವಯಂಸೇವಕಿ. ಹಳೆಯ ಅಂಗಿಗಳನ್ನು ಕತ್ತರಿಸಿ, ಕಾಲುಗಳಿಗೆ ತೂತು ಮಾಡಿ, ಬೆನ್ನಿನ ಮೇಲೆ ಕಟ್ಟುವಂತೆ ಲಾಡಿ ಹೊಲಿದು, ಆಪರೇಷನ್ ಆದ ಪ್ರಾಣಿಗೆ ತೊಡಿಸುವುದು ನನ್ನ ಕೆಲಸ. ಹೊಟ್ಟೆ ಮುಚ್ಚಿರದಿದ್ದರೆ ಅವು ಹೊಲಿಗೆಯನ್ನು ನೆಕ್ಕಿ ನೆಕ್ಕಿ ಬಿಚ್ಚಿಹಾಕುತ್ತವೆ. ಬರುವವರು ಒಂದು ಹಳೆಯ ಹತ್ತಿ ಅಂಗಿ ತರಬೇಕೆಂದು ಚೀಟಿಯಲ್ಲೇ ಬರೆದಿರುತ್ತೇವೆ. ಅರ್ಧ ಜನ ಕೈಬೀಸಿಕೊಂಡು ಬರುತ್ತಾರೆ.

ದಿನಾಂಕ 14-9-2024ರ ಶನಿವಾರ ಬೆಳಿಗ್ಗೆ 9.15ಕ್ಕೆ ದೆರ್ಲಿಸನ ತಾಯಿ ನ್ಯಾ ಪಾಬ್ಲಾ (ಹಿರಿಯ ಹೆಂಗಸರನ್ನು ನಾವು ಗೌರವದಿಂದ ನ್ಯಾ ಎನ್ನುತ್ತೇವೆ), 71 ವರ್ಷ, ತಮ್ಮ ಮನೆಯ ಚಿಪಾ ಎಂಬ ಹೆಣ್ಣು ನಾಯಿಯನ್ನು ಕರೆತಂದರು. ಹೋದ ಸಲ ಏಳು ಮರಿ ಹಾಕಿ ಐದನ್ನ ಕಳ್ಕೊಂಡಿದೆ, ಇನ್ನೊಂದು ಬಸುರಿ ಇದರ ಕೈಲಿ ಆಗಲ್ಲಮ್ಮ ಎಂದು ನನಗೆ ಹೇಳಿದರು. ಅಂಗಿ ತಂದಿರಲಿಲ್ಲ. ಮಂಡಿನೋವು, ಸಂಜೆ ಮಗ ಬಂದು ಕರ್ಕೊಂಡು ಹೋಗ್ತಾನೆ ಎಂದು ಹೊರಟುಹೋದರು.

12.20ಕ್ಕೆ ಚಿಪಾಳ ಆಪರೇಷನ್ ಮುಗಿಯಿತು. ಆ ಹೊತ್ತಿಗೆ ನನ್ನ ಬಳಿ ಒಂದು ತುಂಡು ಬಟ್ಟೆಯೂ ಉಳಿದಿರಲಿಲ್ಲ. 180 ಮೀಟರ್ ದೂರದ ನನ್ನ ಮನೆಗೆ ಓಡಿದೆ. ನನ್ನ ಗಂಡ ಫುಲ್ಹೆನ್ಸಿಯೊ ಮಲಗಿದ್ದರು. ತಂತಿಯ ಮೇಲೆ ಅವರ ಹಸಿರು-ಬಿಳಿ ಜೆರ್ಸಿ ಒಣಗುತ್ತಿತ್ತು. ಮೇಲಿನ ಕೇರಿಯ ಕ್ಲಬ್ ಕಪ್ ಗೆದ್ದ ವರ್ಷದ್ದು, ಬೆನ್ನ ಮೇಲೆ 8 ಅಂತ ಇದೆ. ಅದನ್ನು ಒಗೆಯಲು ನನ್ನ ಕೈಗೂ ಕೊಡುವವರಲ್ಲ. ಅದನ್ನೇ ಕತ್ತರಿಸಿ 12.45ಕ್ಕೆ ಚಿಪಾಳಿಗೆ ತೊಡಿಸಿದೆ. ನನ್ನ ಗಂಡನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಗಾಳಿಗೆ ಹಾರಿಹೋಯಿತೆಂದು ಎರಡು ದಿನದಿಂದ ಪಕ್ಕದವರ ಹಿತ್ತಲು ಹುಡುಕುತ್ತಿದ್ದಾರೆ.

ಮಧ್ಯಾಹ್ನ 3.10ಕ್ಕೆ ದೆರ್ಲಿಸ್ ಬಂದ. ಅಂದು 4 ಗಂಟೆಗೆ ಎರಡೂ ಕೇರಿಗಳ ಕ್ಲಬ್‌ಗಳ ನಡುವೆ ಪಂದ್ಯವಿತ್ತು. ಅವನ ಮೈಮೇಲೆ ಕೆಳಗಿನ ಕೇರಿಯ ಕೆಂಪು-ಕಪ್ಪು ಜೆರ್ಸಿ ಇತ್ತು. ಇಬ್ಬರು ಗೆಳೆಯರು ಬಾಗಿಲಲ್ಲಿ ಬೈಕ್ ಮೇಲೆ ಕೂತಿದ್ದರು. ಅವನು ಕುಡಿದಿರಲಿಲ್ಲ. ಕುಡಿದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಚಿಪಾ ಕಂಬಳಿಯ ಮೇಲೆ ಅರೆಎಚ್ಚರದಲ್ಲಿತ್ತು. ಹತ್ತು ದಿನ ಈ ಅಂಗಿ ಬಿಚ್ಚಬಾರದೆಂದು ಹೇಳುತ್ತಿದ್ದಂತೆಯೇ ಅವನು, ಇದೇನ್ರೀ ನ್ಯಾ ಎಮೆ, ನಮ್ಮನೆ ನಾಯಿಗೆ ಆ ಕಪ್ಪೆಗಳ ಬಟ್ಟೆ ಹಾಕಿದ್ದೀರಲ್ಲ, ಇದನ್ನ ಎತ್ಕೊಂಡು ನಾನು ನಮ್ಮ ಬೀದೀಲಿ ಹೆಂಗೆ ಹೋಗ್ಲಿ ಎಂದು ಕೇಳಿದ. ಅವರು ನಮ್ಮ ಕೇರಿಯವರನ್ನು ಕರೆಯುವುದೇ ಹಾಗೆ. ಅದಕ್ಕೆ ಹೊಟ್ಟೆ ಮುಚ್ಚಿದ್ರೆ ಸಾಕಪ್ಪ, ನಿನಗೆ ನಾಚಿಕೆ ಆದ್ರೆ ಮೇಲೊಂದು ಗೋಣಿ ಸುತ್ಕೊಂಡು ಹೋಗು ಎಂದೆ. ಗೆಳೆಯರು ನಕ್ಕರು. ಬೇಕಂತಲೇ ಮಾಡಿದ್ದೀರಿ ಎಂದು ಹೇಳಿ ಅವನು ಬಗ್ಗಿ, ಲಾಡಿ ಬಿಚ್ಚದೆ, ಹೊಟ್ಟೆಯ ಕಡೆಯಿಂದ ಬಟ್ಟೆಗೆ ಕೈಹಾಕಿ ಹರಿದ. ಆಗ ಸಮಯ 3.14. ಬಟ್ಟೆಗೆ ಸಿಕ್ಕಿದ್ದ ಹೊಲಿಗೆಯೂ ಕಿತ್ತು ಬಂತು. ಚಿಪಾ ಒಂದೇ ಸಲ ಕೂಗಿತು. ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿ, ಹೇಗೆ ಕೂಗಿತು ಎಂದು ಕೇಳಿದರು. ಅದನ್ನು ಬರೆಯುವುದು ಬೇಡ ಎಂದೆ.

ದೂರಿನಲ್ಲಿರುವಂತೆ ಕತ್ತರಿ ನನ್ನ ಕೈಯಲ್ಲಿದ್ದದ್ದು ನಿಜ. ಬೆಳಿಗ್ಗೆ 6ರಿಂದಲೂ ಇತ್ತು. ಅವನ ಕಡೆಗೆ ಎತ್ತಲಿಲ್ಲ. ಎತ್ತಬೇಕೆನಿಸಿತ್ತು, ಅದನ್ನೂ ಬರೆದುಕೊಳ್ಳಿ. ಅಧಿಕಾರಿ ತಣ್ಣನೆಯ ತೆರೆರೆ ಕುಡಿಯುವ ಫ್ಲಾಸ್ಕಿಗೂ ಕೆಂಪು-ಕಪ್ಪು ಚರ್ಮದ ಹೊದಿಕೆ ಇರುವುದನ್ನು ನಾನು ನೋಡಿದ್ದೇನೆ. ಆದರೂ ನಾನು ಹೇಳಿದ್ದನ್ನೇ ಬರೆಯಬೇಕು.

ಬಿಚ್ಚೋ ನಿನ್ನ ಅಂಗಿ, ಇಲ್ಲಿ ಒತ್ತಿ ಹಿಡಿ ಎಂದು ನಾನು ಹೇಳಿದೆ. ಅವನು ತಾನೇ ಬಿಚ್ಚಿದ, ಮಂಡಿಯೂರಿ ಒತ್ತಿ ಹಿಡಿದ. ಆಪರೇಷನ್ ಮಾಡಿದ ಡಾಕ್ಟರ್ ಲಿಸ್ ಕೈತೊಳೆದು ಬರುವವರೆಗೆ ಆರು ನಿಮಿಷ ಹಿಡಿದಿದ್ದ. ಸತ್ತೋಗತ್ತಾ ಎಂದು ಒಮ್ಮೆ ಕೇಳಿದ. ಮಾತಾಡ್ಬೇಡ, ಒತ್ತು ಎಂದೆ. ಗೆಳೆಯರು ಅಷ್ಟರಲ್ಲಿ ಪಂದ್ಯಕ್ಕೆ ಹೋಗಿಬಿಟ್ಟಿದ್ದರು.

3.55ಕ್ಕೆ ಎರಡನೇ ಸಲ ಹೊಲಿದು ಮುಗಿಸಿದ ಡಾಕ್ಟರು, ಇನ್ನೊಮ್ಮೆ ಬಿಚ್ಚಿದರೆ ಇದು ಉಳಿಯುವುದಿಲ್ಲ ಎಂದರು. ಹೊಟ್ಟೆಗೆ ಸುತ್ತೋಣವೆಂದರೆ ಭವನದಲ್ಲಿ ಬೇರೆ ಬಟ್ಟೆ ಇರಲಿಲ್ಲ. ಅವನ ಜೆರ್ಸಿಯನ್ನು ಅವನೆದುರೇ ಕತ್ತರಿಸಿ ಚಿಪಾಳಿಗೆ ತೊಡಿಸಿದವಳು ನಾನು. 600 ಮೀಟರ್ ದೂರದ ಮೈದಾನದಿಂದ ತಮಟೆಯ ಸದ್ದು ಬರುತ್ತಿತ್ತು. ಅವನು ಬರಿಮೈಯಲ್ಲಿ ನಿಂತು ನೋಡಿದ. ಬೇಡ ಎನ್ನಲಿಲ್ಲ. ಡಾಕ್ಟರ ಮಾತಿನಂತೆ ಚಿಪಾಳನ್ನು ನನ್ನ ಮನೆಯಲ್ಲಿಟ್ಟುಕೊಂಡೆ.

ನಿನ್ನೆ ಭಾನುವಾರ ಬೆಳಿಗ್ಗೆ 7 ಗಂಟೆಗೆ ನ್ಯಾ ಪಾಬ್ಲಾ ಕುಂಟಿಕೊಂಡು ಸಾರು ತಂದರು. ಮಗ ದೂರು ಕೊಡಲು ಹೊರಟಿದ್ದಾನೆಂದು ಅವರಿಂದಲೇ ಗೊತ್ತಾಯಿತು. ಗೆಳೆಯರು ಆಡಿಕೊಂಡು ನಗ್ತಿದ್ದಾರಂತೆ, ಅದಕ್ಕೇ ಈ ಹಾರಾಟ, ಅಂಗಿ ಇಲ್ಲದಿದ್ರೆ ಅವನೇನೂ ಸಾಯಲ್ಲ ಬಿಡು ಎಂದರು.

ಕತ್ತರಿ ತೋರಿಸಿ ಹೆದರಿಸಿ, ನಾಯಕನ ಸಹಿ ಇದ್ದ ಜೆರ್ಸಿಯನ್ನು ಕಿತ್ತುಕೊಂಡು ಹಾಳುಮಾಡಿದೆ ಎಂದು ದೂರಿನಲ್ಲಿದೆ. ಸಹಿ ಹಾಳಾಗಿಲ್ಲ, ಚಿಪಾಳ ಬಲತೊಡೆಯ ಮೇಲಿದೆ. ಜೆರ್ಸಿಯ ಮಾತು ದೂರಿನಲ್ಲಿ ಏಳು ಕಡೆ ಬರುತ್ತದೆ. ಬಣ್ಣ, ವರ್ಷ, ಅಳತೆ ಎಲ್ಲವೂ ಇದೆ. ನಾಯಿ ಬದುಕಿದೆಯೋ ಸತ್ತಿದೆಯೋ ಎಂದು ಒಂದು ಕಡೆಯೂ ಇಲ್ಲ. ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ಅವನು ಕೇಳದಿದ್ದರೂ ಬರೆಸುತ್ತಿದ್ದೇನೆ: ಇಂದು ಬೆಳಿಗ್ಗೆ ಚಿಪಾ ಎರಡು ಚಮಚ ಅನ್ನ ತಿಂದಿದೆ.

ದಿನಾಂಕ 24ರಂದು ಹೊಲಿಗೆ ಬಿಚ್ಚುತ್ತಾರೆ. ಜೆರ್ಸಿ ಬೇಕಿದ್ದರೆ ಅಂದು ಅವನೇ ನನ್ನ ಮನೆಗೆ ಬರಲಿ. ಬೆನ್ನಿನ ಮೇಲೆ ನಾಲ್ಕು ಗಂಟುಗಳಿವೆ. ಒಂದೊಂದಾಗಿ, ನಿಧಾನವಾಗಿ, ತನ್ನ ಕೈಯಿಂದಲೇ ಬಿಚ್ಚಿಕೊಳ್ಳಲಿ. ಅಲ್ಲಿಯವರೆಗೆ ಯಾವ ಅಧಿಕಾರಿ ಬಂದರೂ ಕೊಡುವುದಿಲ್ಲ.

ಇದರಲ್ಲಿರುವುದು ನಾನು ಕಂಡದ್ದು, ನಾನೇ ಮಾಡಿದ್ದು. ನನಗೆ ಓದಿ ಹೇಳಿದ್ದಾರೆ, ಸರಿಯಾಗಿದೆ. 'ಸದರಿ ಪ್ರಾಣಿ' ಎಂದು ಬರೆದಿದ್ದ ಕಡೆಯೆಲ್ಲ ಹೊಡೆದುಹಾಕಿಸಿ 'ಚಿಪಾ' ಎಂದು ಬರೆಸಿದ್ದೇನೆ.

ಸ್ಥಳ: ವಿಜಾರಿಕಾ
ದಿನಾಂಕ: 16-9-2024
ಸಹಿ: ಎಮೆರೆನ್ಸಿಯಾ ಒವೆಲಾರ್