ಸೊಣ್ಣಮ್ಮ ಹೇಳಬೇಕಾದ ಒಂದು ಮಾತು

ಬೇಡ, ಬೇಡ, ಕುರ್ಚಿ ಬೇಡ ಸೊಣ್ಣಮ್ಮ, ಇಲ್ಲೇ ಜಗಲಿ ಮೇಲೆ ಕೂತ್ಕೋತೀನಿ. ಕಾಫಿನೂ ಬೇಡ. ನೀವು ಸೊಪ್ಪು ಬಿಡಿಸ್ಕೊಳ್ಳಿ, ಕೆಲಸ ನಿಲ್ಲಿಸ್ಬೇಡಿ. ವೇಣಿ ಒಳಗಿದಾಳೆ ಅಂತ ಗೊತ್ತು. ಕಿಟಕಿ ಹತ್ರ ಕೂತಿರೋದು ರಸ್ತೆಯಿಂದಾನೇ ಕಾಣಿಸ್ತು. ನಾನೇನು ಮಗಳ ಕೈ ಹಿಡಿದು ಎಳ್ಕೊಂಡು ಹೋಗಲ್ಲ, ಹೆದರ್ಕೋಬೇಡಿ… ಯಾಕೆ ನಗ್ತೀರಾ? ಓ, ನೀವು ಅಂತಿದೀನಿ ಅಂತಾನಾ? ಹೌದು, ನಮ್ಮನೆಗೆ ಅಡುಗೆಗೆ ಬಂದಾಗ ನೀನು ಅಂತೀನಿ. ಇಲ್ಲಿ ನಿಮ್ಮ ಬಾಗ್ಲಿಗೆ ಬಂದಿದೀನಿ. ಏನೋ ಬಾಯಿಗೆ ಹಾಗೆ ಬಂತು, ಬಿಡಿ.

ಬೆಳಗ್ಗೆ ಬರಿಹೊಟ್ಟೇಲಿ ಎದ್ದು ಬಂದ್ಲು. ಏನಾದ್ರೂ ತಿಂದ್ಲಾ? ಮುದ್ದೆನಾ? ನಮ್ಮನೇಲಿ ಇದೇ ಕೈಯಲ್ಲಿ ನೀವು ದೋಸೆ ಹಾಕಿಕೊಟ್ರೆ ಅರ್ಧ ತಿಂದು ತಟ್ಟೆ ತಳ್ತಾಳೆ. ಇಲ್ಲಿಗೆ ಬಂದು ಮುದ್ದೆ ತಿಂದ್ಲಾ… ಸರಿ. ಹೊಟ್ಟೆ ತುಂಬಿದೆಯಲ್ಲ, ಸಾಕು.

ನೋಡಿ, ಒಳಗೆ ಅವಳಿಗೆ ಕೇಳಿಸ್ಬಾರ್ದು ಅಂತ ಮೆಲ್ಲಗೆ ಹೇಳ್ತಿದೀನಿ, ಸುತ್ತಿಬಳಸಿ ಮಾತಾಡಲ್ಲ. ಅವಳು ನಿಮ್ಮನ್ನ ಏನು ಕೇಳೋಕೆ ಬಂದ್ಲು ಅಂತ ನಂಗೆ ಗೊತ್ತು. ಸಿದ್ಧಾರ್ಥ್ ವಿಷಯ ಅಲ್ವಾ? ನಮ್ಮ ಬ್ಲಾಕಿನ ಆರನೇ ಮಹಡಿ ಹುಡುಗ. ಸ್ಕೂಲ್ ಬಸ್ಸಲ್ಲಿ ಇಬ್ರೂ ಒಂದೇ ಸೀಟು, ಒಂದೇ ಇಯರ್‌ಫೋನು, ಅವನ ಕಿವಿಗೊಂದು ಇವಳ ಕಿವಿಗೊಂದು. ಅಷ್ಟೇ. ಈಗ ಅಷ್ಟೇ ಅನ್ಸುತ್ತೆ, ಆವತ್ತು ಅನ್ಸಲಿಲ್ಲ. ಹೋಗಿ ಅವರಮ್ಮನ ಹತ್ರ ಮಾತಾಡಿದೆ, ಬಸ್ಸಲ್ಲಿ ಸೀಟು ಬದಲಾಯಿಸಿದೆ. ಈಗ ಬಸ್ಸಿನ ಮಕ್ಕಳೆಲ್ಲ ಇವಳನ್ನ ಆಡ್ಕೋತಾರಂತೆ. ಆ ಹುಡುಗ ಇವಳ ಮುಖಾನೇ ನೋಡಲ್ವಂತೆ. ನಿನ್ನೆ ಸಂಜೆ ನನ್ನೆದುರು ಬಂದು ನಿಂತು ಕೇಳಿದ್ಲು, 'ಅಮ್ಮ, ನಿಂಗೆ ಯಾರು ಹೇಳಿದ್ದು?' ನಂಗೆ ಬಾಯಿಗೆ ಬಂದಿದ್ದು ನಿಮ್ಮ ಹೆಸರು. ಸೊಣ್ಣಮ್ಮ ಬಸ್ ಸ್ಟಾಪಲ್ಲಿ ನೋಡಿದ್ಲಂತೆ, ಅವಳೇ ಹೇಳಿದ್ಲು ಅಂದ್ಬಿಟ್ಟೆ.

ಹಾಗೆ ನೋಡ್ಬೇಡಿ. ತಪ್ಪು ಅಂತ ಗೊತ್ತು, ಅದಕ್ಕೇ ಬಂದಿರೋದು… ಅಲ್ಲ, ಅದನ್ನ ಒಪ್ಕೊಳ್ಳೋಕೆ ಅಲ್ಲ. ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಒಳಗೆ ಹೋಗಿ ಒಂದು ಮಾತು, ಒಂದೇ ಒಂದು ಮಾತು ಹೇಳಿ. 'ಹೌದು ಮಗಾ, ನಾನೇ ಹೇಳಿದ್ದು.' ಬೆಳಗ್ಗೆ ಇಲ್ಲ ಅಂದಿದ್ರೆ ಪರವಾಗಿಲ್ಲ, ಹೆದರ್ಕೊಂಡು ಇಲ್ಲ ಅಂದೆ ಅನ್ನಿ. ನಿಮ್ಮ ಮೇಲೆ ಎರಡು ದಿನ ಮುನಿಸ್ಕೋತಾಳೆ. ಮೂರನೇ ದಿನ ಮತ್ತೆ ನಿಮ್ಮ ಸೆರಗು ಹಿಡ್ಕೊಂಡು ಅಡುಗೆಮನೇಲಿ ನಿಂತಿರ್ತಾಳೆ. ನನ್ನ ಮೇಲಾದ್ರೆ ಹಾಗಲ್ಲ, ಜೀವನಪೂರ್ತಿ.

ಅಯ್ಯೋ, ಸೊಪ್ಪನ್ನೇ ನೋಡ್ತಿದೀರಲ್ಲ. ನಾನು ಹೇಳ್ತಿರೋದು ಕೇಳಿಸ್ತಿದೆ ತಾನೆ?

ನಿಮ್ಗೆ ಇದು ಅರ್ಥ ಆಗಲ್ಲ. ನಿಮ್ಮ ಮಕ್ಕಳು ಬೆಳೆಯೋವಾಗ ಈ ದರಿದ್ರ ಫೋನ್ ಇರ್ಲಿಲ್ಲ. ನಿಮ್ಮ ನರೇಶ ಎಲ್ಲಿ ಹೋದ, ಯಾರ ಜೊತೆ ಆಡ್ದ, ಸಂಜೆ ಒಳಗೆ ಊರಲ್ಲಿ ಯಾರಾದ್ರೂ ಬಂದು ಹೇಳ್ತಿದ್ರು. ನಮ್ಮ ಹುಡುಗಿ ಸೋಫಾ ಮೇಲೆ ನನ್ನ ಪಕ್ಕದಲ್ಲೇ ಕೂತಿರ್ತಾಳೆ, ಅವಳ ಜೊತೆ ಎಂಥೆಂಥ ಹೊಲಸು ಕೂತಿದೆ ನಂಗೆ ಗೊತ್ತಾಗಲ್ಲ. ಹೋದ ವರ್ಷ ಏಳನೇ ಕ್ಲಾಸು. ಚಿತ್ರ ಬಿಡಿಸೋ ಮಕ್ಕಳದ್ದೇ ಒಂದು ಗುಂಪು ಇತ್ತು ಫೋನಲ್ಲಿ. ಅದರಲ್ಲಿ ಒಬ್ಬ, ಹದಿನಾಲ್ಕು ವರ್ಷ ಅಂತ ಬರ್ಕೊಂಡಿದ್ದ. ಇವಳು ಬರೆದ ನವಿಲನ್ನ ಹೊಗಳಿದ, ಗುಬ್ಬಚ್ಚಿ ಹೊಗಳಿದ, ವಾರಗಟ್ಟಲೆ ಹೊಗಳಿದ. ಆಮೇಲೆ ನಿನ್ನ ಫೋಟೋ ಕಳ್ಸು ಅಂದ. ಅದರ ಆಮೇಲೆ ಕೇಳಿದ್ದನ್ನ ನಾನು ಬಾಯಲ್ಲಿ ಹೇಳಲ್ಲ. ಥೂ… ತನ್ನ ಕೈ ಫೋಟೋ ಒಂದು ಕಳಿಸಿದ್ದ ಸೊಣ್ಣಮ್ಮ, ಪೆನ್ಸಿಲ್ ಹಿಡಿದಿರೋ ಹಾಗೆ. ದಪ್ಪ ಬೆರಳು, ಬೆರಳ ಮೇಲೆ ಕೂದಲು, ಮದುವೆ ಉಂಗುರ. ಎಷ್ಟೋ ದಿನ ಅನ್ನ ಕಲಸೋಕೆ ಹೋದ್ರೆ ನಂಗೆ ಆ ಕೈ ನೆನಪಾಗಿ ವಾಕರಿಕೆ ಬರ್ತಿತ್ತು. ಕಂಪ್ಲೇಂಟ್ ಕೊಟ್ವಿ. ಅವನು ಸಿಗ್ಲಿಲ್ಲ. ಎಲ್ಲೋ ಇದಾನೆ, ಇನ್ಯಾರದೋ ಮಗಳ ನವಿಲು ಹೊಗಳ್ತಾ.

ಫೋನ್ ಕಿತ್ಕೊಂಡ್ಬಿಡ್ಬೇಕಿತ್ತು ಅಂತೀರಾ? ನಾನೂ ಅದೇ ಅಂದೆ. ನಮ್ಮನೆಯವರು, ಮಲ್ಲಿಕ್, ಬಿಡ್ಲಿಲ್ಲ. ಅವರದ್ದು ಯಾವಾಗ್ಲೂ ತಣ್ಣಗಿನ ಮಾತು. 'ಶೈಲಜಾ, ಅವಳೇ ಬಂದು ನಿಂಗೆ ತೋರಿಸಿದ್ಲಲ್ಲ, ಅದಕ್ಕಿಂತ ಬೇರೆ ಕಾವಲು ಏನು ಬೇಕು? ಈಗ ಕಿತ್ಕೊಂಡ್ರೆ ಮುಂದಿನ ಸಲ ಹೇಳಲ್ಲ. ಅವಳಿಗೂ ತನ್ನದು ಅಂತ ಒಂದಿಷ್ಟು ಜಾಗ ಬೇಕು.' ಹೌದು, ಅವಳೇ ಬಂದು ತೋರಿಸಿದ್ಲು. ಅಳ್ತಾ ಬಂದು ಮಡಿಲಲ್ಲಿ ತಲೆ ಇಟ್ಲು. ನಾನು ಮಾತು ಕೊಟ್ಟೆ, ನಿನ್ನ ಫೋನ್ ನಾನು ಯಾವತ್ತೂ ಮುಟ್ಟಲ್ಲ, ಏನಾದ್ರೂ ಆದ್ರೆ ನೀನೇ ಹೇಳು ಅಂತ. ಮುಟ್ಟಿಲ್ಲ ಸೊಣ್ಣಮ್ಮ. ಕೊರಳಲ್ಲಿರೋ ಲಿಂಗದಾಣೆ, ಇವತ್ತಿನವರೆಗೂ ಅವಳ ಫೋನ್ ನಾನು ಮುಟ್ಟಿಲ್ಲ.

ಮತ್ತೆ ಹೇಗೆ ಗೊತ್ತಾಯ್ತು ಅಂತಾನಾ? ಏನ್ ಹೇಗೆ… ಆ ಬಸ್ಸಿನ ಆಂಜಿನಪ್ಪ ಹೇಳಿದ. ಡ್ರೈವರ್ ಆಂಜಿನಪ್ಪ. ಇಲ್ಲ, ಅವನು ಸೀದಾ ಹೇಳ್ಲಿಲ್ಲ, ಏನೋ… ಹೌದು, ಆಂಜಿನಪ್ಪ ನಿಮ್ಮ ಸಂಬಂಧಿ ಅಲ್ವಾ. ಮರ್ತೇಹೋಗಿತ್ತು. ಅವನನ್ನೇನೂ ಕೇಳೋಕೆ ಹೋಗ್ಬೇಡಿ. ಅವನಲ್ಲ. ಯಾರೋ. ಯಾರು ಹೇಳಿದ್ರೇನು, ವಿಷಯ ನಿಜ ತಾನೆ?

ವೇಣಿ ಏನಂದ್ಲು? ಇನ್ನೊಂದ್ಸಲ ಹೇಳಿ. ಮೀನಲ್ ಒಬ್ಬಳಿಗೆ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ ಅಂದ್ಲಾ?

ಅಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಮೀನಲ್ ಪುಣೆ ಹುಡುಗಿ. ಇವಳದ್ದೇ ವಯಸ್ಸು. ಇವಳ ಥರಾನೇ ಚಿತ್ರ ಬಿಡಿಸ್ತಾಳೆ, ಬೆಕ್ಕುಗಳನ್ನ ಚೆನ್ನಾಗಿ ಬರೀತಾಳೆ. ಮೊದಮೊದಲು ಬೆಕ್ಕು ನರಿ ಥರ ಬರ್ತಿತ್ತು, ವೇಣಿನೇ ಹೇಳಿಕೊಟ್ಲು, ಕಿವಿ ಸ್ವಲ್ಪ ಕೆಳಗೆ ತಗೋ ಅಂತ. ಒಳ್ಳೆ ಹುಡುಗಿ ಸೊಣ್ಣಮ್ಮ. ಎಂಟು ತಿಂಗಳಾಯ್ತು, ಒಂದು ದಿನ ಕೆಟ್ಟ ಮಾತು ಆಡಿಲ್ಲ. ದಿನಾ ಊಟ ಆಯ್ತಾ ಅಂತ ಕೇಳ್ತಾಳೆ. ಪರೀಕ್ಷೆ ದಿನ ಎರಡು ಪೆನ್ ಇಟ್ಕೊಂಡಿದೀಯಾ ಅಂತ ಕೇಳ್ತಾಳೆ. ಅಂಥ ಸ್ನೇಹಿತೆ ಎಲ್ಲಿ ಸಿಗ್ತಾರೆ?

ನಂಗೆ ಹೇಗೆ ಗೊತ್ತು ಅಂದ್ರೆ… ವೇಣಿನೇ ಹೇಳ್ತಿರ್ತಾಳೆ, ಊಟಕ್ಕೆ ಕೂತಾಗ.

ಸರಿ, ಸರಿ. ಬಡಿಸೋರು ನೀವೇ. ಊಟಕ್ಕೆ ಕೂತಾಗ ಅವಳು ಬಾಯಿ ಬಿಡಲ್ಲ. ಅದು ನಿಮ್ಗೂ ಗೊತ್ತು.

ಸೊಣ್ಣಮ್ಮ, ಏನಾದ್ರೂ ಬೈದ್ಬಿಡಿ. ನಿಮ್ಮ ಹೆಸರೇ ಯಾಕೆ ಹೇಳಿದೆ ಅಂತ ಕೇಳಿ. ಗೇಟಲ್ಲಿ ಸೆಕ್ಯೂರಿಟಿ ಇದ್ದ, ಪಕ್ಕದ ಮನೆಯವರಿದ್ರು, ಸ್ಕೂಲ್ ಮೇಡಂ ಇದ್ರು. ಯಾರ ಹೆಸರಾದ್ರೂ ಹೇಳ್ಬಹುದಿತ್ತು. ನಿಮ್ಮದೇ ಯಾಕೆ?

ಯಾಕಂದ್ರೆ ಅವಳು ಬರೆದಿದ್ಲು. 'ನಮ್ಮನೇಲಿ ಏನೂ ಕೇಳದೇ ಇರೋಳು ಸೊಣ್ಣಮ್ಮಜ್ಜಿ ಒಬ್ಬಳೇ. ಅವಳ ಪಕ್ಕ ನಿಂತ್ರೆ ಸಾಕು. ಅಮ್ಮ ಪಕ್ಕಕ್ಕೆ ಬಂದ್ರೆ ಪರೀಕ್ಷೆ ಶುರುವಾದ ಹಾಗೆ ಇರುತ್ತೆ.' ಹಾಗೆ ಬರೆದಿದ್ಲು. ಓದಿ ಎರಡು ದಿನ ನಂಗೆ ನಿಮ್ಮ ಕೈ ಅಡುಗೆ ಸೇರಲಿಲ್ಲ. ನೀವು 'ಯಾಕ್ ಮೇಡಮ್ಮೋರೆ, ಉಪ್ಪು ಎಚ್ಚಾಗೈತಾ' ಅಂತ ಕೇಳಿದ್ರಿ, ನೆನಪಿದೆಯಾ? ಉಪ್ಪು ಸರಿಯಾಗೇ ಇತ್ತು. ಹೊಟ್ಟೆಕಿಚ್ಚು. ಅಡುಗೆಯವಳ ಮೇಲೆ ಹೊಟ್ಟೆಕಿಚ್ಚು, ನಂಗೆ. ನನ್ನ ಬಗ್ಗೆ ನಂಗೇ ಅಸಹ್ಯ ಆಯ್ತು. ಆದ್ರೂ ನಿನ್ನೆ ಅವಳು ಬಂದು ಕೇಳಿದಾಗ ನಿಮ್ಮ ಹೆಸರನ್ನೇ ಹೇಳಿದೆ.

ಎಲ್ಲಿ ಬರೆದಿದ್ಲಾ? ಡೈರೀಲಿ. ಡೈರಿ ಓದ್ದೆ. ಫೋನ್ ಮುಟ್ಟಲ್ಲ ಅಂದಿದ್ದೆ, ಡೈರಿ ಮುಟ್ಟಲ್ಲ ಅಂದಿರ್ಲಿಲ್ಲ. ಆಯ್ತಾ? ಈಗ್ಲಾದ್ರೂ ಎದ್ದು ಒಳಗೆ ಹೋಗಿ ಆ ಒಂದು ಮಾತು…

ಏನಿಲ್ಲ, ಅದು ನನ್ನ ಬ್ಯಾಗು. ಮೆಸೇಜು ಬಂತು, ಆಫೀಸಿಂದು.

ಹೌದು, ಭಾನುವಾರ. ನಮ್ಗೆ ಭಾನುವಾರಾನೂ ಬರುತ್ತೆ. ನನ್ನ ಫೋನ್ ಕೈಯಲ್ಲೇ ಇದೆ, ನಿಜ. ಬ್ಯಾಗಲ್ಲಿರೋದು ಇನ್ನೊಂದು. ಹಳೇದು. ಆಫೀಸಿಗೆ ಅಂತಾನೇ ಬೇರೆ ಇಟ್ಕೊಂಡಿದೀನಿ.

ಬರ್ಲಿ ಬಿಡಿ, ಆಮೇಲೆ ನೋಡ್ತೀನಿ. ಎರಡು ಸಲ ಬಂದ್ರೇನಾಯ್ತು? ಎಲ್ಲ ಅರ್ಜೆಂಟು ಅಂತಾನೇ ಕಳಿಸೋದು.

ಸೊಪ್ಪು ಯಾಕೆ ಕೆಳಗಿಟ್ರಿ? ಕಿಟಕಿ ಕಡೆ ಯಾಕೆ ನೋಡ್ತೀರಾ? ನೋಡ್ಬೇಡಿ ಆ ಕಡೆ. ಅವಳು ಫೋನ್ ಹಿಡ್ಕೊಂಡಿದ್ರೆ ಏನೀಗ, ಮಕ್ಕಳೆಲ್ಲ ಹಿಡ್ಕೊಂಡೇ ಇರ್ತಾರೆ. ನನ್ನ ಬ್ಯಾಗ್ ನೋಡಿ, ಕಿಟಕಿ ನೋಡಿ, ಮತ್ತೆ ನನ್ನ ಮುಖ ನೋಡಿ… ಮಾತಾಡಿ ಸೊಣ್ಣಮ್ಮ. ಆ ಕಣ್ಣಲ್ಲಿ ಅಳೀಬೇಡಿ ನನ್ನ.

ಕಾಪಾಡೋಕೆ ಮಾಡಿದ್ದು. ಕೇಳಿಸ್ತಾ? ಆ ಉಂಗುರದ ಕೈಯವನು ಹುಡುಗ ಅಂತ ಹೇಳ್ಕೊಂಡು ಬರ್ಬಹುದು, ನಾನು ಹುಡುಗಿ ಅಂತ ಹೇಳ್ಕೊಂಡು ಹೋಗ್ಬಾರ್ದಾ? ಅವನಿಗಿಂತ ಮುಂಚೆ ಅಲ್ಲಿ ನಾನಿರ್ಬೇಕು ಅಂತ ಹೋದೆ. ಒಂದು ವಾರ ನೋಡಿ ನಿಲ್ಲಿಸ್ತೀನಿ ಅಂತಾನೇ ಹೋದೆ. ಆಫೀಸಲ್ಲಿ ಎಲ್ರೂ ಊಟಕ್ಕೆ ಹೋದ್ಮೇಲೆ ಕೂತ್ಕೊಂಡು ಬೆಕ್ಕು ಬರೆದೆ. ದಾವಣಗೆರೆಲಿ ಸ್ಕೂಲಿಗೆ ಹೋಗೋವಾಗ ಬರೆದಿದ್ದು, ಆಮೇಲೆ ಪೆನ್ಸಿಲ್ ಹಿಡಿದಿರ್ಲಿಲ್ಲ. ಅವಳು 'ನಿನ್ನ ಬೆಕ್ಕು ನಂಗಿಷ್ಟ' ಅಂತ ಬರೆದ್ಲು. ನಿನ್ನ ಜೊತೆ ಮಾತಾಡಿದ್ರೆ ನಂಗೆ ಹಗುರ ಅನ್ಸುತ್ತೆ ಅಂತ ಬರೆದ್ಲು. ನನ್ನ ಮಗಳು, ನಂಗೆ. ಎಷ್ಟು ವರ್ಷ ಆಗಿತ್ತು ಅಂಥ ಮಾತು ಕೇಳಿ? ಅವನನ್ನ ಮರೆತೇಬಿಟ್ಟೆ. ಕಾವಲಿಗೆ ಅಂತ ಹೋದೋಳು ಅಲ್ಲೇ ಕೂತ್ಬಿಟ್ಟೆ. ದಿನಾ ಅವಳ ಒಂದು ಮಾತಿಗೆ ಬಾಯಿ ಬಿಟ್ಕೊಂಡು ಕಾಯ್ತಾ… ಅವನೂ ಹಾಗೇ ತಾನೆ ಮೊದಲು ಚಿತ್ರ ಹೊಗಳಿದ್ದು. ಥೂ, ನನ್ನ ಜನ್ಮಕ್ಕಿಷ್ಟು.

ಬೇರೆ ಬೇರೆ ಸೊಣ್ಣಮ್ಮ. ಅವನು ಬೇರೆ, ನಾನು ಬೇರೆ. ಹೌದು ಅನ್ನಿ. ಅಷ್ಟಾದ್ರೂ ಅನ್ನಿ.

ಮತ್ತೆ ಬಂತು.

ನೋಡ್ತೀನಿ. ನೋಡ್ದೇ ಇದ್ರೆ ಪಾಪ, ಅಲ್ಲಿ ಕಾಯ್ತಿರ್ತಾಳೆ. ಯಾವತ್ತೂ ಅವಳನ್ನ ಕಾಯಿಸಿಲ್ಲ ನಾನು. ಮೂರು ಬಂದಿದೆ. ಮೊದಲನೇದು… 'ಮೀನಲ್, ಅಮ್ಮ ಬಂದಿದ್ದಾಳೆ. ಭಯ ಆಗ್ತಿದೆ, ಇದ್ದೀಯಾ?' ಎರಡನೇದು, 'ಸೊಣ್ಣಮ್ಮಜ್ಜಿ ಸುಳ್ಳು ಹೇಳಲ್ಲ. ನಿಂಗೆ ಬಿಟ್ಟು ನಾನು ಯಾರಿಗೂ ಹೇಳಿಲ್ಲ.'

ಮೂರನೇದು ಓದಕ್ಕಾಗಲ್ಲ. ನೀವೇ ಓದಿ… ನಿಮ್ಗೆ ಇಂಗ್ಲಿಷ್ ಬರಲ್ಲ. ಓದ್ತೀನಿ, ತಡೀರಿ. 'ಮೀನಲ್, ನಾನು ಮೆಸೇಜ್ ಕಳಿಸಿದಾಗೆಲ್ಲ ಹೊರಗೆ ಅಮ್ಮನ ಬ್ಯಾಗಲ್ಲಿ ಸದ್ದಾಗ್ತಿದೆ. ಯಾಕೆ?'

ಇಷ್ಟೇ ಇದೆ. ನಾನೀಗ ಏನಂತ ಬರೀಲಿ? ಯಾರಾಗಿ ಬರೀಲಿ? ಸೊಣ್ಣಮ್ಮ, ಆಗಿಂದ ಕೇಳ್ಕೊಂಡ ಆ ಮಾತು ಬೇಡ, ಬಿಡಿ, ಅದನ್ನ ಹೇಳ್ಬೇಡಿ… ಬೇರೆ ಏನಾದ್ರೂ ಹೇಳಿ. ಎದ್ದು ಒಳಗೆ ಹೋಗ್ಬೇಡಿ. ಬಾಗ್ಲು ಹಾಕ್ಬೇಡಿ.