ಎಲೆಗೆ ಚಿಮುಕಿಸಿದ ನೀರು

ಮಾನ್ಯ ಅಧ್ಯಕ್ಷರೇ, ಬಿಸಿಲಲ್ಲಿ ಬಂಕಾಪುರದಿಂದ ಚಕ್ಕಡಿ ಹೂಡಿಕೊಂಡು ಬಂದ ಅತಿಥಿಗಳೇ, ಸವಣೂರಿನ ಎಲೆತೋಟದ ಸಭಿಕರೇ,

ಇಪ್ಪತ್ತೆರಡು ವರ್ಷ ನಿಮ್ಮ ವೀಳ್ಯದೆಲೆ ಬೆಳೆಗಾರರ ಸಂಘದ ಮ್ಯಾನೇಜರನಾಗಿದ್ದ ನನ್ನನ್ನು ಇಂದು ಬೀಳ್ಕೊಡುತ್ತಿದ್ದೀರಿ. 'ಹೊಳಬಸಪ್ಪನವರ ಕಣ್ಣಿಗೆ ಒಂದು ಕೊಳೆತ ಎಲೆಯೂ ತಪ್ಪಲಿಲ್ಲ' ಎಂದು ಅಧ್ಯಕ್ಷರು ಹೊಗಳಿದರು. ನಿಜ. ಮನೆಯಲ್ಲಿ ರೊಟ್ಟಿಯನ್ನೂ ತಿರುವಿ ನೋಡಿಯೇ ತಿನ್ನುತ್ತೇನೆ, ಬೈಸಿಕೊಳ್ಳುತ್ತೇನೆ. ಆದರೆ ಸಭಿಕರೇ, ಕೊಳೆತ ಮೇಲೆ ಹಿಡಿಯುವುದು ಯಾವ ಜಾಣತನ? ಅದಕ್ಕೆ ಮೂಗು ಸಾಕು. ಕೊಳೆಯದಂತೆ ನೋಡಿಕೊಳ್ಳುವವರು ಯಾರು?

ಮೂವತ್ತೆಂಟನೆಯ ಇಸ್ವಿ. ನಮ್ಮ ಬುಟ್ಟಿಗಳನ್ನು ಮುಂಬಯಿಯಲ್ಲಿ ಬಿಚ್ಚಿದಾಗ ಎಲೆಗಳು ಕಪ್ಪಾಗಿದ್ದವು. ರೈಲಿಗೆ ಏರಿಸುವ ಮುನ್ನ ನಾನು ನಮ್ಮ ಸ್ಟೇಶನ್ನಿನಲ್ಲಿ ನಿಂತು ಒಂದೊಂದು ಬುಟ್ಟಿಯನ್ನೂ ತೆರೆಸಿ ನೋಡಿದೆ. ಎಲ್ಲ ಹಸಿರು, ಎಲ್ಲ ಹೊಳಪು. ಹಾಗಾದರೆ ತಪ್ಪು ಕಟ್ಟಿದ ಕೈಯದೇ ಎಂದು, ಎಲೆ ಕಟ್ಟುತ್ತಿದ್ದ ಮುಮ್ತಾಜಬೇಗಂ ಅವರನ್ನು ಎಲ್ಲರೆದುರು ಬೈದು ಕೆಲಸದಿಂದ ತೆಗೆದೆ. ಅವರ ಕೈ ಬಿಸಿ, ಮುಟ್ಟಿದರೆ ಎಲೆ ಕೊಳೆಯುತ್ತದೆ ಎಂದು ಊರು ಆಡಿಕೊಂಡಿತು. ಮತ್ತೆ ಯಾವ ತೋಟದವರೂ ಅವರನ್ನು ಕರೆಯಲಿಲ್ಲ.

ಎಲೆ ಹೊಳೆಯಲೆಂದು ಕಟ್ಟುವ ಮುನ್ನ ನೀರು ಚಿಮುಕಿಸಲು ಆ ವರ್ಷ ಅಪ್ಪಣೆ ಮಾಡಿದವನು ನಾನು. ಆಗಲೇ ಅವರು ಹೇಳಿದ್ದರು: "ನೀರು ಬ್ಯಾಡ್ರಿ ಸಾಹೇಬ್ರ. ಮುಂಜಾನಿ ಮಂಜು ಸೈತ ನೆರಳಾಗ ಆರಿಸಿ ಕಟ್ತೇವಿ. ಹಸೀದು ಕಟ್ಟಿದ್ರ ಎಲಿ ಒಳಗ ಬೇಯ್ತಾವ."

"ನೀ ಕಟ್ಟು, ನನಗ ಕಲಿಸಬ್ಯಾಡ" ಅಂದೆ.

ಅವರು ಹೋದ ಮೇಲೂ ಬುಟ್ಟಿಗಳು ಕಪ್ಪಾಗಿಯೇ ತಲುಪಿದವು. ಒಂದು ದಿನ ಎಲೆಗೆ ನೀರು ಚಿಮುಕಿಸುವ ದ್ಯಾಮಪ್ಪ ಜ್ವರ ಬಂದು ಮಲಗಿದ. ಅಂದಿನ ಬುಟ್ಟಿಗಳು ಮಾತ್ರ ಹಸಿರಾಗಿ ಮುಂಬಯಿ ಮುಟ್ಟಿದವು. ನನಗೆ ಅರ್ಥವಾಯಿತು. ನೀರು ನಿಲ್ಲಿಸಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಎಲೆ ಸುಧಾರಿಸಿತು. 'ನೋಡ್ರಿ, ಆಕಿ ಹೋದ ಮ್ಯಾಲೆ ಎಲಿ ಛಲೋ ಆತು' ಎಂದು ನೀವೇ ಅಂದಿರಿ. ನಾನು ತಲೆಯಾಡಿಸಿದೆ. ಆರು ವರ್ಷ ತಲೆಯಾಡಿಸಿದೆ! ನಾಚಿಕೆಯಾಗುತ್ತದೆ.

ನಿನ್ನೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಚಹಾ ಕೊಟ್ಟು ಒಂದೇ ಮಾತು ಕೇಳಿದರು: "ಇದನ್ನ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ನನಗ ಮೊದಲ ಗೊತ್ತಿತ್ತಲ್ಲ."

ಅದಕ್ಕೇ ನಿಮ್ಮೆದುರು ಹೇಳುತ್ತಿದ್ದೇನೆ. ಸಂಘದ ಹಿರಿಯರೇ, ನಾಳೆ ಎಲೆ ಕೊಯ್ಯುವ ಮೊದಲು ಅವರನ್ನು ಕರೆಯಿರಿ, ಅವರು ಹೇಳಿದ ಹಾಗೆ ಕಟ್ಟಿರಿ. ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ಉಪಕಾರ. ಮುಮ್ತಾಜಬೇಗಂ, ಆ ಕಂಬದ ಹತ್ತಿರ ಕುಳಿತಿದ್ದೀರಿ, ಕಾಣುತ್ತಿದ್ದೀರಿ. ಈ ನಮಸ್ಕಾರ ನಿಮಗೆ.