ವಿಶಾಲಕ್ಕನ ವಳರಿ

ಅಧ್ಯಕ್ಷರಾದ ಶಿವಪ್ರಸಾದ್ ಸಾಹೇಬ್ರೇ, ವೇದಿಕೆ ಮೇಲಿರೋ ಹಿರಿಯರೇ, ಮುಂದಿನ ಸಾಲಲ್ಲಿ ಕೂತಿರೋ ವಿಶಾಲಕ್ಕ, ಕಾಗದನಗರದ ಸಮಸ್ತ ಸಭಿಕರೇ, ಈ ಓಬಯ್ಯನ ವಂದನೆ.

ಸಾಹೇಬ್ರೇ, ಮೇಜಿನ ಮೇಲಿರೋ ಕೆಂಪು ಬಟ್ಟೆ ಈಗ್ಲೇ ತೆಗೀಬೇಡಿ. ನನ್ನ ಮಾತು ಮುಗೀಲಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ಎರಡು ಸಲ. ಆಮೇಲೆ ಮರದ ಯಾರ್ಡಲ್ಲಿ ದಿಮ್ಮಿ ಹೊತ್ತೆ. ಈ ಬಾಗಿದ ಕಟ್ಟಿಗೆ ಕೂಡಿಡೋ ಹುಚ್ಚು ಯಾಕೆ ಅಂತ ಎಲ್ರೂ ಕೇಳ್ತಾರೆ. ನಮ್ಮ ಮನೆಯೋಳು ದ್ಯಾಮಮ್ಮ ಕೇಳೋದು ಒಂದೇ: "ಇದನ್ನ ಒಲೆಗೆ ಹಾಕ್ಲಾ, ಗೋಡೆಗೆ ಹಾಕ್ತೀರಾ?" ಗೋಡೆ ಮೇಲೆ ಇಪ್ಪತ್ತೆರಡು ಇವೆ. ಪೇಪರಿನೋರು ಬೂಮರಾಂಗ್ ಅಂತ ಬರೆದ್ರು. ತಮಿಳು ಕಡೆಯಿಂದ ನಮ್ಮ ಭದ್ರಾವತಿಗೆ ಕೆಲಸಕ್ಕೆ ಬಂದೋರ ಮನೆಗಳಲ್ಲಿ ವಳರಿ ಅಂತಾರೆ. ಹಿಂದೆ ಮೊಲಕ್ಕೆ ಎಸೀತಿದ್ರಂತೆ. ಈಗ ಆಯುಧಪೂಜೆಗೆ ಕುಂಕುಮ ಇಟ್ಟು ಕೈ ಮುಗೀತಾರೆ. ಎಸೆದ್ರೆ ವಾಪಸ್ ಬರುತ್ತಾ? ನಾನೂ ಒಂದ್ಸಲ ಎಸೆದೆ. ವಾಪಸ್ ಬಂದಿದ್ದು ಪಕ್ಕದ ಮನೆ ಗೋವಿಂದಯ್ಯ, ಕೈಯಲ್ಲಿ ಒಡೆದ ಹೆಂಚು ಹಿಡ್ಕೊಂಡು.

ನಗಿ, ನಗಿ. ನನಗೆ ಆಗ್ತಿಲ್ಲ.

ಬಟ್ಟೆ ಕೆಳಗಿರೋದು ವಿಶಾಲಕ್ಕಂದು. ಮೂರು ಸಲ ಹೋಗಿ ಬೇಡಿದ್ಮೇಲೆ ಕೊಟ್ರು. "ನೋಡೋಕೆ ಮಾತ್ರ ಓಬಯ್ಯ. ಪೂಜೆ ಹೊತ್ತಿಗೆ ಮನೇಲಿರ್ಬೇಕು" ಅಂದ್ರು. ಪೂಜೆ ನಾಳೆ.

ಅದರ ಮೇಲೆ ಎಣ್ಣೆ ಜಿಡ್ಡು, ಮಸಿ, ಅಂಚಲ್ಲಿ ಸಾಲಾಗಿ ಗೀರು. ಹುಳ ತಿಂದಿದೆ ಅನ್ಕೊಂಡೆ. ಇಷ್ಟು ದೊಡ್ಡೋರು ಬರ್ತಾರೆ, ಹಂಗೇ ಇಡೋದಾ? ಉಪ್ಪು ಕಾಗದ ತಗೊಂಡು ಮೂರು ದಿನ ಉಜ್ಜಿದೆ. ವಾರ್ನಿಶ್ ಹೊಡೆದೆ. ಕನ್ನಡಿ ಹಂಗಾಯ್ತು. ಅದರಲ್ಲೇ ಮೀಸೆ ತಿರುವ್ಕೊಂಡೆ.

ಅರ್ಧ ಗಂಟೆ ಹಿಂದೆ ಬಾಗಿಲ ಹತ್ರ ವಿಶಾಲಕ್ಕ ಮೊಮ್ಮಗಳು ಸಮತಾಗೆ ಹೇಳ್ತಿದ್ರು: "ಪ್ರತಿ ಪೂಜೆಗೂ ಮನೆ ಯಜಮಾನ ಒಂದು ಗೀರು ಹಾಕೋದು ಕಣೇ. ಕೊನೇದು ಸೊಟ್ಟಗಿದೆ, ಬಟ್ಟೆ ತೆಗೆದ್ಮೇಲೆ ನೋಡು. ನಿಮ್ಮ ತಾತಂಗೆ ಕೈ ನಡುಗ್ತಿತ್ತು. ಅದರ ಮೇಲೆ ಬೆರಳಿಡು, ತಾತನ್ನೇ ಮುಟ್ಟಿದಂಗಾಗುತ್ತೆ."

ಸಭಿಕರೇ, ಅಲ್ಲಿಂದ ಈ ಮೈಕಿನ ತನಕ ಹೆಂಗೆ ಬಂದೆ ಗೊತ್ತಿಲ್ಲ. ಕಳುವಾಯ್ತು ಅನ್ಲಾ ಅಂತ ಯೋಚಿಸ್ದೆ. ಬೇರೆ ಹಳೇದೊಂದು ಇಡ್ಲಾ ಅಂತಲೂ ಯೋಚಿಸ್ದೆ. ಯಾರದೋ ತಾತನ್ನ ಈ ಮಗುವಿಗೆ ಹೆಂಗೆ ಕೊಡ್ಲಿ?

ವಿಶಾಲಕ್ಕ, ಗೀರಿಲ್ಲ. ಒಂದೂ ಇಲ್ಲ. ನಾನೇ ಉಜ್ಜಿ ಹಾಕ್ದೆ.

ಸಾಹೇಬ್ರೇ, ನನ್ನ ಸನ್ಮಾನಕ್ಕೆ ತಂದಿರೋ ಆ ಶಾಲು ಮಡಚಿಡಿ. ಅಕ್ಕಾ, ನೀವು ಮೆಟ್ಟಿಲು ಹತ್ತಬೇಡಿ, ನಾನೇ ಇಳಿದು ತರ್ತೀನಿ. ಬೈಯೋದಾದ್ರೆ ಮೈಕಲ್ಲೇ ಬೈರಿ, ಎಲ್ರೂ ಕೇಳ್ಲಿ. ಸಮತಾ, ನೀನು ಈಗ್ಲೇ ಮುಟ್ಬೇಡಮ್ಮ. ವಾರ್ನಿಶ್ ಇನ್ನೂ ಹಸಿ ಇದೆ.

ಎದ್ದು ಹೋಗದೆ ಕೇಳಿದ್ರಲ್ಲ, ನಿಮಗೆಲ್ಲ ದೊಡ್ಡ ಉಪಕಾರ. ಚಪ್ಪಾಳೆ ಮಾತ್ರ ಬೇಡ. ನಮಸ್ಕಾರ.